ಮೂವತ್ತೊಂದು ಸೋಮವಾರ

ಅಧ್ಯಕ್ಷ ಪೀಠದಲ್ಲಿರುವ ಹಿರಿಯರಾದ ಬೆಟ್ಟಸ್ವಾಮಿಯವರೇ, ನನ್ನ ವಿಷಯದಲ್ಲಿ ಅಗತ್ಯಕ್ಕಿಂತ ಹೆಚ್ಚು ಒಳ್ಳೆಯ ಮಾತುಗಳನ್ನಾಡಿದ ಕಾರ್ಯದರ್ಶಿ ನಂಜಣ್ಣನವರೇ, ಕೃಷ್ಣರಾಜನಗರದ ಮಹಾಜನಗಳೇ, ಬಲಗಡೆ ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತು ಯೋಚಿಸುತ್ತಿರುವ ಸಭಿಕರೇ,

ನಮ್ಮ ಮಿತ್ರ ವಾಚನಾಲಯಕ್ಕೆ ಇಂದಿಗೆ ಹತ್ತು ವರ್ಷ ತುಂಬಿತು. ಹತ್ತು ವರ್ಷದಲ್ಲಿ ಒಂದು ದಿನವೂ ಬೀಗ ಹಾಕದೆ, ಬಂದ ಪತ್ರಿಕೆಯನ್ನು ಬಂದ ದಿನವೇ ಮೇಜಿನ ಮೇಲೆ ಹರಡಿ ನಡೆಸಿಕೊಂಡು ಬಂದಿದ್ದೀರಿ. ಇಂಥ ಸಂಸ್ಥೆಯ ವಾರ್ಷಿಕೋತ್ಸವಕ್ಕೆ ನಿವೃತ್ತನಾದ ಒಬ್ಬ ಹೆಡ್ ಗುಮಾಸ್ತನನ್ನು ಕರೆಸಿ, ಶಾಲು ಹೊದಿಸಿ, 'ಮನೆಯಲ್ಲೂ ಕಚೇರಿಯಲ್ಲೂ ಸಮಯ ಉಳಿಸುವುದು ಹೇಗೆ' ಎಂಬ ವಿಷಯದ ಮೇಲೆ ಮಾತನಾಡಲು ಹೇಳಿದ್ದೀರಿ. ಅರ್ಧ ಗಂಟೆ ಕೊಟ್ಟಿದ್ದೀರಿ. ಅಧ್ಯಕ್ಷರು ತಮ್ಮ ಗಡಿಯಾರವನ್ನು ಬಿಚ್ಚಿ ನನಗೆ ಕಾಣುವಂತೆ ಮೇಜಿನ ಮೇಲೆ ಇಟ್ಟಿದ್ದಾರೆ. ಸಮಯದ ಮೇಲೆ ಮಾತನಾಡುವವನೇ ಸಮಯ ಮೀರಿದರೆ ಎಂಬ ಭಯ ಅವರಿಗಿರಬಹುದು. ಆ ಭಯ ನ್ಯಾಯವಾದದ್ದೇ.

ನಂಜಣ್ಣನವರು ನನ್ನನ್ನು ಪರಿಚಯ ಮಾಡಿಕೊಡುತ್ತ, ಈ ಸೀಮೆಯವರು ನನ್ನನ್ನು 'ಗಡಿಯಾರದ ವೀರಭದ್ರಸ್ವಾಮಿ' ಎಂದು ಕರೆಯುತ್ತಾರೆಂದರು. ನಿಜ. ಹುಣಸೂರು, ಪಿರಿಯಾಪಟ್ಟಣ, ಸಾಲಿಗ್ರಾಮ, ಎಲ್ಲಿ ಹೋದರೂ ಆ ಹೆಸರು ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಆಮೇಲೆ ಅವರು ನಮ್ಮ ಮನೆಯ ನೀರೊಲೆಯ ಕತೆ ಹೇಳಿದರು. ಅಕ್ಷರ ಬಾರದ ಮನೆಯಾಕೆ ಗಂಡನ ಕಚೇರಿಯ ಅರ್ಜಿಯನ್ನು ಕಸವೆಂದು ತಿಳಿದು ಸ್ನಾನದ ನೀರು ಕಾಯಿಸಿದ ಕತೆ. ಎಷ್ಟೇ ಶಿಸ್ತಿನ ಮನುಷ್ಯನಾದರೂ ಮನೆಯ ಶಿಸ್ತು ಹೆಂಗಸಿನ ಕೈಯಲ್ಲಿದೆ ಎಂಬುದಕ್ಕೆ ಅದು ದೃಷ್ಟಾಂತವೆಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ.

ಇರಲಿ. ವಿಷಯಕ್ಕೆ ಬರುತ್ತೇನೆ. ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೇನೆ.

ಸಮಯ ಎಲ್ಲಿ ಕಳೆದುಹೋಗುತ್ತದೆ? ದೊಡ್ಡ ಕೆಲಸಗಳಲ್ಲಿ ಅಲ್ಲ, ಹುಡುಕಾಟದಲ್ಲಿ. ಬೆಳಗ್ಗೆ ಎದ್ದವನು ಕನ್ನಡಕ ಹುಡುಕುತ್ತಾನೆ, ಕನ್ನಡಕ ಸಿಕ್ಕಿದ ಮೇಲೆ ಬೀಗದ ಕೈ, ಅದೂ ಸಿಕ್ಕಿ ಬೀದಿಗೆ ಇಳಿದ ಮೇಲೆ ಛತ್ರಿಯ ನೆನಪಾಗಿ ತಿರುಗಿ ಬರುತ್ತಾನೆ. ನಮ್ಮ ಮನೆಯ ನಡುಬಾಗಿಲ ಪಕ್ಕದಲ್ಲಿ ನಾನು ಐದು ಮೊಳೆ ಹೊಡೆದಿದ್ದೇನೆ. ಒಂದಕ್ಕೆ ಬೀಗದ ಕೈ, ಒಂದಕ್ಕೆ ಛತ್ರಿ, ಒಂದಕ್ಕೆ ಟೋಪಿ, ಒಂದಕ್ಕೆ ಕೈಚೀಲ, ಒಂದಕ್ಕೆ ಕೋಟು. ಮೂವತ್ತು ವರ್ಷದಲ್ಲಿ ಎಷ್ಟೋ ಮನೆ ಬದಲಾಯಿಸಿದೆ, ಮೊಳೆಗಳ ಕ್ರಮ ಬದಲಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಛತ್ರಿಯ ಜಾಗದಲ್ಲಿ ಛತ್ರಿಯೇ ಸಿಗಬೇಕು. ನಾಳೆಯ ಪಂಚೆ, ಅಂಗಿ ಇವತ್ತು ಸಂಜೆಯೇ ಮಡಿಸಿ ಮಣೆಯ ಮೇಲೆ ಇರಬೇಕು. ಬರೆಯುವ ಲೇಖನಿಗೆ ಮಸಿ ಭಾನುವಾರ ತುಂಬಬೇಕು. ಇವು ಸಣ್ಣ ಮಾತುಗಳು. ಆದರೆ ದಿನಕ್ಕೆ ಹತ್ತು ನಿಮಿಷ ಉಳಿದರೆ ತಿಂಗಳಿಗೆ ಐದು ಗಂಟೆ ಉಳಿಯಿತಲ್ಲ?

ಅಡುಗೆ ಮನೆಯ ಶಿಸ್ತಿನ ಬಗ್ಗೆಯೂ ಬರೆದಿದ್ದೇನೆ. ಮದುವೆಯಾದ ಹೊಸದರಲ್ಲಿ ನಾನು ಹದಿನಾಲ್ಕು ಡಬ್ಬಗಳಿಗೆ ಚೀಟಿ ಅಂಟಿಸಿ, ಅಕಾರಾದಿ ಕ್ರಮದಲ್ಲಿ ಹಲಗೆಯ ಮೇಲೆ ಜೋಡಿಸಿದೆ. ಅರಿಶಿನ, ಇಂಗು, ಉಪ್ಪು, ಏಲಕ್ಕಿ, ಹೀಗೆ. ನೋಡಲು ಬಲು ಚೆಂದ. ಆದರೆ ಸಾಸಿವೆ ಸಕಾರವಾದ್ದರಿಂದ ಅದು ಮೇಲಿನ ಹಲಗೆಯ ಕೊನೆಗೆ ಹೋಯಿತು. ನಮ್ಮ ಮನೆಯಾಕೆಗೆ ಚೀಟಿ ಓದಲು ಬಾರದು ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಎಂಟು ದಿನ ಆಕೆ ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ ಮಣೆ ಹತ್ತಿ ಸಾಸಿವೆ ಇಳಿಸಿದಳು. ಒಂಬತ್ತನೆಯ ದಿನ ಎಲ್ಲ ಡಬ್ಬಗಳೂ ಹಳೆಯ ಜಾಗದಲ್ಲಿ ಇದ್ದವು. ನಾನು ಸಿಟ್ಟು ಮಾಡಿಕೊಂಡೆ. ಆಕೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಕೈ ಎಲ್ಲಿಗ್ ಹೋಯ್ತದೋ ಅಲ್ಲಿರ್‍ಬೇಕು ಕಣ್ರೀ ಡಬ್ಬ. ನೀವು ನೋಡಾಕೆ ಇಟ್ಟಿದ್ರಿ, ನಾನು ಮಾಡಾಕೆ ಇಟ್ಕಂಡಿವ್ನಿ."

ಸಭಿಕರೇ, ಇದನ್ನು ನಿಮ್ಮನ್ನು ನಗಿಸಲೆಂದು ಬರೆದುಕೊಂಡಿದ್ದೆ. ನಕ್ಕಿದ್ದೀರಿ. ಆದರೆ ಓದುತ್ತ ಓದುತ್ತ ಚಾಪೆಯ ಕಡೆ ನನ್ನ ಕಣ್ಣು ಹೋಯಿತು. ಆಕೆ ಇಲ್ಲೇ ಕುಳಿತಿದ್ದಾಳೆ. ಇಷ್ಟು ವರ್ಷದಲ್ಲಿ ನನ್ನ ಭಾಷಣಕ್ಕೆ ಆಕೆ ಬಂದದ್ದು ಇದೇ ಮೊದಲು. ನಂಜಣ್ಣನವರ ಮನೆಯವರು ಬಂದು ಬಲವಂತ ಮಾಡಿ ಕರೆತಂದರು.

ಎರಡನೆಯ ಹಾಳೆ. ಕಚೇರಿಯ ಕೆಲಸ.

ಹೆಗ್ಗಡದೇವನಕೋಟೆಯ ಕಡೆ ಒಂದು ಕಚೇರಿಗೆ ನನಗೆ ಐವತ್ತಮೂರನೆಯ ಇಸವಿಯಲ್ಲಿ ವರ್ಗವಾಯಿತು. ಅದು ಯಾವ ಕಚೇರಿ ಎಂದು ಈ ಸಭೆಯಲ್ಲಿ ಹೇಳುವುದಿಲ್ಲ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ. ನಾನು ಹೋದಾಗ ಅಲ್ಲಿ ಯಾರು ಯಾವಾಗ ಬೇಕಾದರೂ ಬಂದು ಯಾರ ಮೇಜಿನ ಮುಂದೆ ಬೇಕಾದರೂ ನಿಲ್ಲುತ್ತಿದ್ದರು. ನಾನು ಮೂರು ಏರ್ಪಾಡು ಮಾಡಿದೆ. ಜಮೀನಿನ ವಿಷಯಕ್ಕೆ ಬರುವವರು ಸೋಮವಾರ ಮಾತ್ರ ಬರಬೇಕು. ಬಂದವರು ಜವಾನ ದಾಸಯ್ಯನ ಕೈಯಿಂದ ನಂಬರು ಬರೆದ ಮರದ ಬಿಲ್ಲೆ ತೆಗೆದುಕೊಂಡು, ಆತ ಕೂಗಿದಾಗ ಒಳಗೆ ಬರಬೇಕು. ಮತ್ತು ಒಳಗೆ ಬಂದವನ ಹೆಸರು, ವಿಷಯ, ಅವನಿಗಾಗಿ ನಾನು ಖರ್ಚು ಮಾಡಿದ ಹೊತ್ತು, ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂರು ತಿಂಗಳಲ್ಲಿ ಗಲಾಟೆ ಅಡಗಿತು. ಐದು ಗಂಟೆಗೆ ಸರಿಯಾಗಿ ಮೇಜಿನ ಬೀಗ ಹಾಕಿ ಮನೆಗೆ ಹೋಗುವ ಹೆಡ್ ಗುಮಾಸ್ತ ಆ ಸೀಮೆಯಲ್ಲಿ ನಾನೊಬ್ಬನೇ ಇದ್ದೆ.

ಆ ವರ್ಷದ ಕೊನೆಗೆ ಜಿಲ್ಲೆಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದು, 'ಇಂಥ ಅಚ್ಚುಕಟ್ಟು ನಾನು ಬೇರೆಲ್ಲೂ ಕಂಡಿಲ್ಲ' ಎಂದು ಬರೆದು ಕಳಿಸಿದರು. ಆ ಕಾಗದದಿಂದಲೇ ನನ್ನ ಹೆಸರು ಹಬ್ಬಿದ್ದು. ಆ ಕಾಗದದಿಂದಲೇ ಊರೂರಿಗೆ ಹೋಗಿ ಸಮಯದ ಮೇಲೆ ಮಾತನಾಡಿದ್ದು. ಇವತ್ತಿನ ಈ ಶಾಲು ಕೂಡ ಆ ಕಾಗದದ್ದೇ.

ಮೂರನೆಯ ಹಾಳೆಯನ್ನು ಮಡಿಸಿ ಇಡುತ್ತೇನೆ. ಅಧ್ಯಕ್ಷರ ಕ್ಷಮೆ ಇರಲಿ. ಆ ತಪಾಸಣೆಯ ವಿಷಯ ಬಂದ ಮೇಲೆ ಅದನ್ನು ಸರಿಯಾಗಿ ಹೇಳಬೇಕು. ಹೇಳದೆ ಕೂತರೆ ಆ ಚಾಪೆಯ ಮುಂದೆ ಹಾದು ಹೊರಗೆ ಹೋಗಲು ನನ್ನಿಂದ ಆಗುವುದಿಲ್ಲ.

ಸಾಹೇಬರು ಬರುವ ಸುದ್ದಿ ಬಂದದ್ದು ಒಂದು ಶುಕ್ರವಾರ. ಅವರು ಬರುವುದು ಸೋಮವಾರ ಕಳೆದು ಮಂಗಳವಾರ. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ನನ್ನ ಹಿಂದಿನ ಗುಮಾಸ್ತರು ಒಂದು ಮರದ ಪೆಟ್ಟಿಗೆ ಬಿಟ್ಟು ಹೋಗಿದ್ದರು. ಅದರ ತುಂಬ ಅರ್ಜಿಗಳು. ಯಾವುದಕ್ಕೂ ನಂಬರು ಬಿದ್ದಿರಲಿಲ್ಲ, ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಅವುಗಳನ್ನು ಒಂದೊಂದಾಗಿ ಓದಿ, ವಿಂಗಡಿಸಿ, ದಾಖಲು ಮಾಡಲು ಮೂರು ವಾರ ಬೇಕು. ನನ್ನ ಬಳಿ ಮೂರು ದಿನ ಇತ್ತು. ನಾನು ಯೋಚಿಸಿದೆ: ನಂಬರು ಬೀಳದ ಅರ್ಜಿ ಕಚೇರಿಯ ದೃಷ್ಟಿಯಲ್ಲಿ ಬಂದೇ ಇಲ್ಲ. ಬಂದೇ ಇಲ್ಲದ್ದನ್ನು ಕಳೆದರೆ ಯಾರಿಗೆ ಏನು? ಬೇಕಾದವರು ಇನ್ನೊಂದು ಬರೆಸಿಕೊಂಡು ಬರುತ್ತಾರೆ. ಮೂರು ವಾರದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಕಾಗದಗಳನ್ನು ಕಟ್ಟು ಕಟ್ಟಿ ದಾಸಯ್ಯನ ತಲೆಯ ಮೇಲೆ ಹೊರಿಸಿ ನಮ್ಮ ಮನೆಗೆ ಕಳಿಸಿದೆ. ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ ಇತ್ತು.

ಮನೆಗೆ ಹೋಗಿ ನಮ್ಮಾಕೆಗೆ, "ಎಲ್ಲಾ ಕಸ. ನೀರೊಲೆಗೆ ಹಾಕು" ಎಂದೆ.

ಆಕೆ ಹಾಕಿದಳು. ನಾಲ್ಕು ದಿನ ನಾನು ಆ ಬಿಸಿನೀರಿನಲ್ಲಿ ಸ್ನಾನ ಮಾಡಿದೆ. ಪೆಟ್ಟಿಗೆಯಲ್ಲಿ ಎಷ್ಟು ಅರ್ಜಿಗಳಿದ್ದವು ಎಂದು ನೀವು ಕೇಳಿದರೆ ನನಗೆ ತಿಳಿಯದು. ಎಣಿಸಲಿಲ್ಲ. ಎಣಿಸಿದರೆ ಹೊತ್ತಾಗುತ್ತದೆಂದು ಎಣಿಸಲಿಲ್ಲ. ಒಂದು ಕಾಗದವನ್ನು ಮಾತ್ರ ಕಣ್ಣಾರೆ ಕಂಡಿದ್ದೆ. ಕಟ್ಟು ಕಟ್ಟುವಾಗ ಅದು ಮೇಲಿತ್ತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಅರ್ಜಿ. ಒಂದು ಗಳಿಗೆ ಕೈ ನಿಂತಿತು. ಆಮೇಲೆ ದಾರ ಬಿಗಿದೆ.

ಸಾಹೇಬರು ಬಂದರು, ನೋಡಿದರು, ಮೆಚ್ಚಿದರು, ಹೋದರು. ಹದಿನೈದು ದಿನಕ್ಕೆ ಮೆಚ್ಚುಗೆಯ ಕಾಗದ ಬಂತು. ಅದರ ಮುಂದಿನ ಸೋಮವಾರವೇ ಕರಿಯಯ್ಯ ಬಂದ.

ಈ ಕರಿಯಯ್ಯ ಬೇಗೂರಿನ ಕಡೆಯವನು. ಕೇರಳದ ಗಡಿಗೆ ಹತ್ತಿರ, ಕಾಡಿನಂಚು. ಸ್ವಂತ ಭೂಮಿ ಇಲ್ಲ. ಹಳ್ಳದ ಪಕ್ಕದ ಸರ್ಕಾರಿ ಬೀಳು ನೆಲ ತನಗೆ ಮಂಜೂರಾಗಲಿ ಎಂದು ಹಿಂದಿನ ವರ್ಷ ದರಖಾಸ್ತು ಅರ್ಜಿ ಕೊಟ್ಟಿದ್ದನಂತೆ. ಐವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಆಳು, ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ನನ್ ಅರ್ಜಿ ಏನಾಯ್ತು ಬುದ್ದಿ?" ಎಂದ. "ಅರಿಸಿನ ಅಚ್ಚಿ ಕೊಟ್ಟಿದ್ದೆ. ಸುಬಕಾರ್ಯ ಅಂತ."

ನನಗೆ ತಕ್ಷಣ ತಿಳಿಯಿತು. ಸಭಿಕರೇ, ಮರೆತಿತ್ತು ಎಂದು ನಾನು ಹೇಳಲಾರೆ. ಆ ಹೊತ್ತಿನಲ್ಲಿ ನಿಜ ಹೇಳಲು ಎಷ್ಟು ಮಾತು ಬೇಕಿತ್ತು? 'ನಿನ್ನ ಅರ್ಜಿ ಕಳೆದುಹೋಗಿದೆ, ಇನ್ನೊಂದು ಕೊಡು.' ಇಷ್ಟೇ. ಆದರೆ ಕಳೆದದ್ದು ಹೇಗೆಂದು ಅವನು ಕೇಳಿದರೆ? ಯಾರಾದರೂ ಬಲ್ಲವರು ಅವನಿಂದ ಮೇಲಕ್ಕೆ ಒಂದು ದೂರು ಬರೆಸಿದರೆ? ಮೆಚ್ಚುಗೆಯ ಕಾಗದವನ್ನು ಗೋಡೆಗೆ ತೂಗುಹಾಕಲೆಂದು ಗಾಜಿನ ಕಟ್ಟು ಹಾಕಿಸಲು ಆಗತಾನೇ ಕಳಿಸಿದ್ದೆ. ನಾನು ತಲೆ ಎತ್ತದೆ, "ನೋಡಬೇಕು. ಮುಂದಿನ ಸೋಮವಾರ ಬಾ" ಎಂದೆ. ಪುಸ್ತಕದಲ್ಲಿ ಬರೆದೆ: ಕರಿಯಯ್ಯ, ದರಖಾಸ್ತು, ಅರ್ಧ ನಿಮಿಷ.

ಅವನು ಮುಂದಿನ ಸೋಮವಾರ ಬಂದ. ಅದರ ಮುಂದಿನ ಸೋಮವಾರವೂ ಬಂದ. ಬಿತ್ತನೆ, ಕೊಯ್ಲು ಇದ್ದಾಗ ಕೂಲಿಗೆ ಹೋಗಬೇಕಾಗಿ ತಪ್ಪಿಸುತ್ತಿದ್ದ, ಮತ್ತೆ ಬರುತ್ತಿದ್ದ. ಪ್ರತಿ ಸಲವೂ ನನ್ನ ಉತ್ತರ ಒಂದೇ. ಅರ್ಧ ನಿಮಿಷಕ್ಕಿಂತ ಹೆಚ್ಚು ಆಗಲಿಲ್ಲ. ಹೀಗೆ ಒಂದೂವರೆ ವರ್ಷ.

ಅವನು ಭಾನುವಾರ ಬೆಳಕು ಹರಿಯುವಾಗ ಊರು ಬಿಡುತ್ತಿದ್ದ. ದಾರಿಯಲ್ಲಿ ನೆಂಟರ ಹಳ್ಳಿಯಲ್ಲಿ ತಂಗಿ, ಸೋಮವಾರ ಕಚೇರಿ ಮುಟ್ಟಿ, ಮಂಗಳವಾರ ಮನೆ ಸೇರುತ್ತಿದ್ದ. ಇದೆಲ್ಲ ನನಗೆ ಗೊತ್ತಾದದ್ದು ನಮ್ಮ ಮನೆಯಾಕೆಯಿಂದ. ನಮ್ಮ ಮನೆಯ ಜಗಲಿಯ ಮೇಲೆ ಅವನು ಒಂದು ಗಳಿಗೆ ಕೂತು ಹೋಗುತ್ತಿದ್ದ. ಆಕೆ ಮಜ್ಜಿಗೆ ಕೊಡುತ್ತಿದ್ದಳು. ಮಾತು ಬೆಳೆಯುತ್ತಿತ್ತು. ಅವನ ಹೆಂಡತಿ ಯಶೋದಮ್ಮನಿಗೆ ಮಂಡಿ ನೋವು ಎಂಬುದೂ, ಹಳ್ಳದ ಪಕ್ಕದ ನೆಲದಲ್ಲಿ ಅವರು ಮೊದಲು ರಾಗಿ ಹಾಕಬೇಕೆಂದಿದ್ದಾರೆ ಎಂಬುದೂ ಆಕೆಗೆ ಗೊತ್ತಿತ್ತು. ನನಗೆ ಅವನ ಬಿಲ್ಲೆಯ ನಂಬರು ಗೊತ್ತಿತ್ತು.

ಒಂದು ಸೋಮವಾರ ಅವನು ಐದು ಗಂಟೆ ಹತ್ತು ನಿಮಿಷಕ್ಕೆ ಬಂದ. ನಾನು ಬೀಗ ಹಾಕಿ ಮೆಟ್ಟಿಲು ಇಳಿಯುತ್ತಿದ್ದೆ.

"ಆನೆ ಅಡ್ಡ ನಿಂತ್ಬುಟ್ಟಿತ್ತು ಬುದ್ದಿ," ಎಂದ ಏದುಸಿರು ಬಿಡುತ್ತ. "ಅದು ಓಗಗಂಟ ಮರದ್ ಮೇಲೆ ಕುಂತಿದ್ದೆ. ಅದ್ಕೇ ಒತ್ತಾಯ್ತು."

"ಹೊತ್ತು ಮೀರಿದೆ. ಮುಂದಿನ ಸೋಮವಾರ ಬಾ," ಎಂದು ನಾನು ನಡೆದೆ. ಆ ದಿನ ಅವನ ಹೆಸರನ್ನು ಪುಸ್ತಕದಲ್ಲಿ ಬರೆಯಲೂ ಇಲ್ಲ. ಬೀಗ ಹಾಕಿದ ಮೇಲೆ ಬಂದವನಲ್ಲವೇ?

ನಾನು ಹಿತ್ತಲಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಕರಿಯಯ್ಯ ಜಗಲಿಯ ಮೇಲೆ ಮಜ್ಜಿಗೆ ಕುಡಿದು, ಆದದ್ದನ್ನೆಲ್ಲ ಆಕೆಗೆ ಹೇಳಿ ಹೋಗಿದ್ದ. ಕಾಫಿಗೆ ಕೂತೆ. ನಮ್ಮ ಮನೆಯಾಕೆ ಲೋಟ ತಂದು ಕೈಗೆ ಕೊಡಲಿಲ್ಲ, ನೆಲದ ಮೇಲೆ ಕುಕ್ಕಿದಳು.

"ಆವಯ್ಯ ಆನೆ ದಾರೀಲಿ ನಡ್ಕಂಡ್ ಬಂದವ್ನೆ. ಅರ್ಧ ನಿಮಿಷದ್ ಮಾತು ಕಣ್ರೀ. ಮೆಟ್ಲಲ್ಲೇ ಹೇಳ್ಬುಟ್ರೆ ನಿಮ್ಮದೇನ್ ಸವೆದೋಯ್ತಿತ್ತು?"

"ಹೇಳೋಕೆ ಏನಿದೆ?" ಎಂದೆ. ಸಿಟ್ಟಿನಲ್ಲಿ ಬಾಯಿ ಜಾರಿತು. "ಅರ್ಜಿಯೇ ಇಲ್ಲ. ನಿನ್ನ ನೀರೊಲೆಗೆ ಹೋಯ್ತು."

ಆಕೆ ನಿಂತಲ್ಲೇ ನಿಂತಳು. "ಅರಿಶಿನದ್ದಾ?" ಎಂದಳು.

ನಾನು ಲೋಟ ಎತ್ತಿಕೊಂಡೆ.

"ಕಂಡಿದ್ದೆ ಕಣ್ರೀ ನಾನದ. ದೇವರ ಕಾಗದ ಇದ್ದಂಗದೆ, ಎತ್ತಿಡಾನಾ ಅಂದ್ಕಂಡು ಕೈಲಿ ಇಟ್ಕಂಡಿದ್ದೆ. ನೀವು ಎಲ್ಲಾ ಕಸ ಅಂದಿದ್ರಲ್ಲಾ. ನೀವೇ ಅಂದ್ಮೇಲೆ ಸರಿಯಿರ್‍ಬೇಕು ಅಂತ ಹಾಕ್ಬುಟ್ಟೆ."

ಆಮೇಲೆ ಆಕೆ ಕೇಳಿಕೊಂಡದ್ದು ಒಂದೇ. "ಬರೋ ಸೋಮವಾರ ಹೇಳ್ಬುಡಿ." ನಾನು ಆಗಲಿ ಎಂದೆ. ಹೇಳಲಿಲ್ಲ. ಆಕೆ ಪ್ರತಿ ಸೋಮವಾರ ಸಂಜೆ, "ಹೇಳಿದ್ರಾ?" ಎಂದು ಕೇಳುತ್ತಿದ್ದಳು. ನಾನು ಮುಂದಿನ ಸೋಮವಾರ ಎನ್ನುತ್ತಿದ್ದೆ. ಮನೆಯಲ್ಲೂ ಅದೇ ಉತ್ತರ. ಆಕೆ ಜಗಲಿಗೆ ಬರುವುದನ್ನು ಬಿಟ್ಟಳು. ಮಜ್ಜಿಗೆಯ ಚೊಂಬನ್ನು ಹೊಸ್ತಿಲ ಹೊರಗಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಕರಿಯಯ್ಯ ನನ್ನ ಮೇಜಿನ ಮುಂದೆ ನಿಂತು ಅರ್ಜಿಯ ವಿಷಯ ಕೇಳುವುದಕ್ಕೆ ಮುಂಚೆ, "ಅವ್ವಾರ್ಗೆ ಮೈ ಉಸಾರಿಲ್ವಾ ಬುದ್ದಿ? ಕಾಣಿಸ್ಕಳಾದೇ ಇಲ್ಲ" ಎಂದ. ಅವತ್ತು ಅವನಿಗೆ ಒಂದು ನಿಮಿಷ ಹಿಡಿಯಿತು.

ಇನ್ನು ಹೇಳಬೇಕಾದದ್ದು ನೀವು ನಕ್ಕ ಕತೆ.

ಐವತ್ತೈದನೆಯ ಇಸವಿ, ಆಷಾಢದ ಒಂದು ಸೋಮವಾರ. ಕಚೇರಿಯಲ್ಲಿ ಇಪ್ಪತ್ತು ಮಂದಿ ಇದ್ದಿರಬಹುದು. ದಾಸಯ್ಯ "ಅನ್ನೊಂದ್ನೇ ಬಿಲ್ಲೆ" ಎಂದು ಕೂಗಿದ. ಒಂದು ನೆರಳು ಬಂದು ಮೇಜಿನ ಮುಂದೆ ನಿಂತಿತು. ನಾನು ಬರೆಯುತ್ತಲೇ ಕೇಳಿದೆ.

"ಹೆಸರು?"

"ಸುಂದ್ರಮ್ಮ."

ತಲೆ ಎತ್ತಿ ನೋಡಿದೆ. ನಮ್ಮ ಮನೆಯಾಕೆ. ಸೆರಗು ಹೊದ್ದು, ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಮೆಟ್ಟಿಲನ್ನು ಆಕೆ ಅದುವರೆಗೆ ಹತ್ತಿದವಳಲ್ಲ. ಹೊರಗಿನ ಬೆಂಚಿನ ಮೇಲೆ ತನ್ನ ಸರದಿ ಬರುವ ತನಕ ಗಂಡಸರ ನಡುವೆ ಕಾದಿದ್ದಳು. ಯಜಮಾನರ ಮನೆಯವರು ಎಂದು ದಾಸಯ್ಯ ಮೊದಲೇ ಬಿಡಲು ಹೋದರೆ ಬೇಡವೆಂದಳಂತೆ. ಹಿಂದೆ ಹನ್ನೆರಡನೆಯ ಬಿಲ್ಲೆ ಹಿಡಿದು ಕರಿಯಯ್ಯ ನಿಂತಿದ್ದ.

ಆಕೆ ನನ್ನ ಕಡೆ ಮಾತನಾಡಲಿಲ್ಲ. ಅವನ ಕಡೆ ತಿರುಗಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕರಿಯಯ್ಯ, ನಿನ್ ಅರ್ಜಿ ಇಲ್ಲ ಕಣಪ್ಪ. ನಮ್ಮನೆ ನೀರೊಲೆಲಿ ಸುಟ್ಟೋಯ್ತು. ನಾನೇ ಒಲೆಗೆ ಹಾಕ್ದೋಳು. ಅಕ್ಷರ ಬರದ ಹೆಂಗಸು, ಕಸ ಅಂದ್ಕಂಡು ಹಾಕ್ಬುಟ್ಟೆ. ಇನ್ನು ನಡೀಬ್ಯಾಡ. ಇನ್ನೊಂದು ಬರ್‍ಸು. ಇವತ್ತೇ ಬರ್‍ಸು."

ಹೇಳಿ ನನ್ನ ಮುಖ ನೋಡಿದಳು. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅರ್ಧ ಬಿಟ್ಟಿದ್ದಳು. ಆ ಅರ್ಧ ನಾನು ಹೇಳಲಿ ಎಂದು ಬಿಟ್ಟಿದ್ದಳು. ಕಾಯುತ್ತ ನಿಂತಿದ್ದಳು. ಇಡೀ ಕಚೇರಿ ನನ್ನ ಕಡೆ ನೋಡುತ್ತಿತ್ತು.

ನಾನು ಏನು ಮಾಡಿದೆ? ಸಭಿಕರೇ, ನಾನು ನಕ್ಕೆ. "ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ? ಹೋಗಲಿ ಬಿಡಿ, ಏನು ಮಾಡೋಕಾಗುತ್ತೆ" ಎಂದೆ. ಎಲ್ಲರೂ ನಕ್ಕರು. ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆದೆ: ಸುಂದ್ರಮ್ಮ, ಸ್ವಂತ ವಿಷಯ, ಎರಡು ನಿಮಿಷ.

ಅಲ್ಲಿ ನಗದೆ ಇದ್ದವನು ಕರಿಯಯ್ಯ ಒಬ್ಬನೇ. "ಅಳ್‍ಬ್ಯಾಡಿ ಅವ್ವಾ, ಬುಡಿ" ಎಂದು ಆಕೆಗೇ ಸಮಾಧಾನ ಹೇಳಿ ಹೊರಗೆ ಕರೆದುಕೊಂಡು ಹೋದ.

ಅವತ್ತೇ ಅವನು ಇನ್ನೊಂದು ಅರ್ಜಿ ಬರೆಸಿದ. ನಂಬರು ನಾನೇ ಹಾಕಿದೆ. ಆದರೆ ಅಷ್ಟರಲ್ಲಿ ಹಳ್ಳದ ಪಕ್ಕದ ನೆಲಕ್ಕೆ ಬೇರೊಬ್ಬರ ಅರ್ಜಿ ಬಂದು ಮಂಜೂರಾಗಿ ಆರು ತಿಂಗಳಾಗಿತ್ತು. ಅದು ಕರಿಯಯ್ಯನ ಹಳೆಯ ಅರ್ಜಿಗಿಂತ ಈಚಿನದು, ಅವನ ಮೊದಲ ಸೋಮವಾರಕ್ಕಿಂತಲೂ ಈಚಿನದು, ಆದರೆ ಅದಕ್ಕೆ ನಂಬರಿತ್ತು. ಎರಡು ವರ್ಷ ಕಳೆದು ಕರಿಯಯ್ಯನಿಗೆ ದಿಣ್ಣೆಯ ಮೇಲೆ ಎರಡು ಎಕರೆ ಕಲ್ಲು ನೆಲ ಸಿಕ್ಕಿತು. ಅಲ್ಲಿ ರಾಗಿ ಏಳುವುದಿಲ್ಲ. ಹುರುಳಿ ಬರುತ್ತದೆ, ಮಳೆ ಮನಸ್ಸು ಮಾಡಿದರೆ.

ನನ್ನ ಹಳೆಯ ಪುಸ್ತಕ ಈಗಲೂ ಮನೆಯಲ್ಲಿದೆ. ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಅದನ್ನು ತೆಗೆದು ನೋಡಿದೆ. ಕರಿಯಯ್ಯನ ಹೆಸರು ಮೂವತ್ತು ಕಡೆ ಇದೆ. ಆನೆ ಅಡ್ಡ ನಿಂತ ದಿನವನ್ನೂ ಸೇರಿಸಿದರೆ ಮೂವತ್ತೊಂದು ಸೋಮವಾರ. ನನ್ನ ಹೊತ್ತು ಒಟ್ಟು ಕೂಡಿದರೆ ಹದಿನಾರು ನಿಮಿಷ ದಾಟುವುದಿಲ್ಲ. ಅವನದು, ಒಂದು ಸೋಮವಾರಕ್ಕೆ ಮೂರು ದಿನದಂತೆ, ತೊಂಬತ್ತಮೂರು ದಿನ. ಕಾಡುದಾರಿಯಲ್ಲಿ, ಬರಿಗಾಲಲ್ಲಿ. ನಾನು ಊರೂರಿಗೆ ಹೋಗಿ ಸಮಯ ಉಳಿಸಿದೆ ಉಳಿಸಿದೆ ಎಂದು ಹೇಳುತ್ತಿದ್ದೆನಲ್ಲ, ಆ ಸಮಯ ಎಲ್ಲಿಂದ ಬಂತು? ಯಾರ ಕಾಲಿನಿಂದ ಬಂತು?

ಹೋದ ಸಂಕ್ರಾಂತಿಯ ಮಾರನೆಯ ದಿನ ಕರಿಯಯ್ಯ ಇಲ್ಲಿಗೆ, ಕೃಷ್ಣರಾಜನಗರದ ನಮ್ಮ ಮನೆಗೆ ಬಂದ. ವಿಳಾಸ ವಿಚಾರಿಸಿಕೊಂಡು, ಬಸ್ಸು ಹಿಡಿದು ಬಂದಿದ್ದ. ಹೆಗಲ ಮೇಲೆ ಹುರುಳಿಯ ಒಂದು ಗಂಟು. "ಅವ್ವಾರಿಲ್ವಾ?" ಎಂದ. ಆಕೆ ದೇವಸ್ಥಾನಕ್ಕೆ ಹೋಗಿದ್ದಳು. "ಮೊದ್ಲುನೇ ಬೆಳೆ ಉಳ್ಳಿ. ಅವ್ವಾರ್ಗೆ ಅಂತ ತಂದೆ" ಎಂದ. ನನಗೆ ಎಂದು ಹೇಳಲಿಲ್ಲ.

ನಾವಿಬ್ಬರೇ ಇದ್ದೆವು. ನಾನು, "ಕರಿಯಯ್ಯ, ಆ ಅರ್ಜಿ ಇದೆಯಲ್ಲ, ಅದನ್ನ ನಮ್ಮಾಕೆ..." ಎಂದು ಶುರುಮಾಡಿದೆ.

"ಬುಡಿ ಬುದ್ದಿ, ಗೊತ್ತು" ಎಂದ.

"ಏನು ಗೊತ್ತು?"

"ಕಚೇರಿ ಕಾಗದ ಅವ್ವಾರ ಕೈಗೆ ತಾನಾಗೇ ನಡ್ಕಂಡ್ ಬತ್ತದಾ? ತಂದು ಕೊಟ್ಟೋರು ಇರ್‍ಬೇಕಲ್ಲ. ಅವ್ವಾರು ಏಳುದ್ ದಿನವೇ ತಿಳೀತು. ಆದ್ರೆ ಆವಮ್ಮ ಅಷ್ಟ್ ಜನದ್ ಮುಂದೆ ನಿಂತು ತಮ್ ಮೇಲೆ ಆಕ್ಕಂಡ್ರಲ್ಲ, ಅಂಗಾದ್ಮೇಲೆ ನಾನು ಬಾಯ್ ಬುಟ್ರೆ ಅವ್ರ ಮಾತ್ಗೆ ಬೆಲೆ ಎಲ್ಲುಳೀತದೆ ಅಂತ ಸುಮ್ಕಾದೆ."

ಗಂಟನ್ನು ಹೆಗಲಿನಿಂದ ಮಡಿಲಿಗೆ ಇಳಿಸಿಕೊಂಡು ಮತ್ತೆ ಹೇಳಿದ.

"ಒಂದೇ ಒಂದ್ ಕೇಳ್ತೀನಿ, ತಪ್ ತಿಳ್ಕಬ್ಯಾಡಿ. ಮೊದ್ಲುನೇ ಸೋಮವಾರವೇ ಇಲ್ಲ ಅಂದಿದ್ರೆ ನಾನು ಇನ್ನೊಂದು ಬರ್‍ಸ್ಕಂಡು ಬತ್ತಿದ್ದೆ. ಅಳ್ಳದ್ ಪಕ್ಕದ್ ನೆಲ ನಂಗೇ ಆಗಾದು. ಯಾಕ್ ಏಳ್ನಿಲ್ಲ ಬುದ್ದಿ?"

ನಾನು ಅವನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ. ಅವನು ಒತ್ತಾಯಿಸಲಿಲ್ಲ. ಗಂಟನ್ನು ನಡುಮನೆಯಲ್ಲಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಅವನು ಕೇಳಿದ್ದಕ್ಕೆ ಉತ್ತರ ಇಲ್ಲಿ ಹೇಳುತ್ತೇನೆ. ಹೆದರಿದ್ದೆ. ಕಟ್ಟು ಹಾಕಿಸಿದ ಒಂದು ಕಾಗದ ಗೋಡೆಯಿಂದ ಇಳಿಯಬಾರದೆಂದು ಹೆದರಿದ್ದೆ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಅಷ್ಟಾದ ಮೇಲಾದರೂ ನನಗೆ ಬುದ್ಧಿ ಬಂತೇ ಎಂದರೆ, ಇಲ್ಲ. ಈ ಬೇಸಿಗೆಯಲ್ಲಿ ಪಿರಿಯಾಪಟ್ಟಣದ ಒಂದು ಸಭೆಯಲ್ಲಿ ಇದೇ ವಿಷಯ ಮಾತನಾಡಿದೆ. ಜನ ಆಕಳಿಸುತ್ತಿದ್ದರು. ನಗಿಸಬೇಕೆನ್ನಿಸಿತು. ನೀರೊಲೆಯ ಕತೆ ಹೇಳಿದೆ. ನಂಜಣ್ಣನವರು ಅಲ್ಲಿ ಕೇಳಿದ್ದನ್ನೇ ಇವತ್ತು ಇಲ್ಲಿ ಹೇಳಿದರು. ನಂಜಣ್ಣನವರೇ, ನಿಮ್ಮದು ತಪ್ಪಿಲ್ಲ. ಆ ಕತೆಯನ್ನು ಹಂಚಿದವನು ನಾನು. ಪಿರಿಯಾಪಟ್ಟಣದ ನೆಂಟರೊಬ್ಬರು ಅದನ್ನು ಮನೆಗೆ ತಂದು ಮುಟ್ಟಿಸಿದಾಗ ಆಕೆ ಜಗಳವಾಡಲಿಲ್ಲ. "ಜನ ಚೆನ್ನಾಗ್ ನಕ್ರಂತಲ್ಲ" ಎಂದಳು, ಅಷ್ಟೇ.

ಇವತ್ತು ನೀವು ನಕ್ಕಾಗ ನಾನು ವೇದಿಕೆಯಿಂದ ನೋಡಿದೆ. ಪಕ್ಕದಲ್ಲಿದ್ದ ತಾಯಂದಿರು ಆಕೆಯ ತೋಳು ತಿವಿದರು. ಆಕೆಯೂ ನಕ್ಕಳು. ಇನ್ನೇನು ಮಾಡಿಯಾಳು?

ಅದನ್ನು ನೋಡಿದ ಮೇಲೆ ಮೂರನೆಯ ಹಾಳೆ, ನಾಲ್ಕನೆಯ ಹಾಳೆ ನನ್ನಿಂದ ಓದಲಾಗಲಿಲ್ಲ. ಆದ್ದರಿಂದ ಅಧ್ಯಕ್ಷರ ಸಮ್ಮುಖದಲ್ಲಿ ಹೇಳುತ್ತಿದ್ದೇನೆ. ಅರ್ಜಿಗಳನ್ನು ಸುಟ್ಟವನು ನಾನು. ತಿಳಿದು ಸುಟ್ಟವನು ನಾನು. ಸುಂದ್ರಮ್ಮ ನನ್ನ ಮಾತು ನಂಬಿದಳು, ಅವಳ ತಪ್ಪು ಅದೊಂದೇ. ಹೆಂಡತಿಯ ಹೆಸರು ಹಿಡಿದು ಸಭೆಯಲ್ಲಿ ಮಾತನಾಡುವುದು ನಮ್ಮಲ್ಲಿ ರೂಢಿಯಲ್ಲ. ಆದರೆ ಅವಳಿಗೆ ಅಂಟಿದ ಮಾತನ್ನು ಅವಳ ಹೆಸರು ಹೇಳದೆ ಬಿಡಿಸುವುದು ಹೇಗೆ?

ಈ ಶಾಲನ್ನು ಹಿಂತಿರುಗಿಸುತ್ತೇನೆ ಎಂದು ದೊಡ್ಡ ಮಾತು ಆಡಬಹುದಿತ್ತು. ಹಾಗೆಂದರೆ ಅದಕ್ಕೂ ನೀವು ಚಪ್ಪಾಳೆ ತಟ್ಟುತ್ತೀರಿ. ಅದು ನನಗೆ ಬೇಡ. ಆ ಪೆಟ್ಟಿಗೆಯಲ್ಲಿ ಇನ್ನೂ ಎಷ್ಟು ಜನರ ಅರ್ಜಿಗಳಿದ್ದವೋ, ಅವರು ಎಷ್ಟು ಸೋಮವಾರ ನಡೆದು ಸಾಕಾಗಿ ಬಿಟ್ಟರೋ, ನನ್ನ ಪುಸ್ತಕವನ್ನು ಇಟ್ಟುಕೊಂಡು ಹುಡುಕಲು ಶುರುಮಾಡಿದ್ದೇನೆ. ಮೂರು ಮಂದಿಯ ಹೆಸರು ಸಿಕ್ಕಿದೆ. ಒಬ್ಬರು ತೀರಿಕೊಂಡಿದ್ದಾರೆ.

ಗಡಿಯಾರ ನೋಡಿದೆ. ಕೊಟ್ಟ ಹೊತ್ತು ಮೀರಿ ಎಂಟು ನಿಮಿಷವಾಗಿದೆ. ಅಧ್ಯಕ್ಷರು ಗಂಟೆ ಬಾರಿಸಲಿಲ್ಲ. ಅದಕ್ಕೆ ನಾನು ಋಣಿ. ಕರೆದು ಕೂರಿಸಿದ ವಾಚನಾಲಯದವರಿಗೆ, ನಗುವುದನ್ನು ನಿಲ್ಲಿಸಿ ಕೇಳಿದ ನಿಮಗೆ, ವಂದನೆಗಳು.

ಒಂದು ಬೇಡಿಕೆ. ಸಭೆ ಮುಗಿದ ಮೇಲೆ ಯಾರೂ ಆ ಚಾಪೆಯ ಹತ್ತಿರ ಹೋಗಿ ಅವಳಿಗೆ ಸಮಾಧಾನ ಹೇಳಬೇಡಿ, ಹೊಗಳಲೂ ಬೇಡಿ. ಈಗ ಅವಳು ತಲೆ ತಗ್ಗಿಸಿ ಕುಳಿತಿದ್ದಾಳೆ. ತಲೆ ತಗ್ಗಿಸುವಂಥದ್ದನ್ನು ಅವಳು ಏನೂ ಮಾಡಿಲ್ಲ. ಎದ್ದು ಬರುವುದಾದರೆ ಬರಲಿ, ಇನ್ನಷ್ಟು ಹೊತ್ತು ಕೂತಿರಬೇಕೆನ್ನಿಸಿದರೆ ಕೂತಿರಲಿ. ಕೇಳುವುದು, ಬೈಯುವುದು ಏನಿದ್ದರೂ ನನ್ನನ್ನು ಕೇಳಿ. ನಾನು ಹೊರಗೆ ಬಾಗಿಲ ಹತ್ತಿರ ನಿಂತಿರುತ್ತೇನೆ. ಅವಳು ಬರುವ ತನಕ, ಎಷ್ಟು ಹೊತ್ತಾದರೂ.

ಎಲ್ಲರಿಗೂ ನಮಸ್ಕಾರ.